ಪ್ರಜಾಪ್ರಭುತ್ವ ಎಲ್ಲಿಂದ ಬಂತು? ನಮ್ ಕಡೆಯೋರು ಪದೇ ಪದೇ ಕೇಳೋ ಪ್ರಶ್ನೆಗಳು

ಗೌರಿಬಿದನೂರಲ್ಲಿ ಸಂಜೆ ಹೊತ್ತು ಪಿಡಿಒ, ಎಫ್‌ಡಿಎ, ಕೆಎಎಸ್ ಅಂತ ಸರ್ಕಾರಿ ಕೆಲಸದ ಪರೀಕ್ಷೆಗೆ ಓದೋ ಹುಡುಗ್ರು ಹುಡ್ಗೀರು ಸೇರ್ತಾರೆ, ಅವ್ರಿಗೆ ನಾನು ಇತಿಹಾಸ ಮತ್ತೆ ಸಂವಿಧಾನ ಹೇಳ್ಕೊಡ್ತೀನಿ. ಬ್ಯಾಚ್ ಬದಲಾದ್ರೂ ಪ್ರಶ್ನೆ ಬದಲಾಗಲ್ಲ. ಬೇಕರಿ ಮುಂದೆ ಟೀ ಕುಡೀತಾ ನಿಂತಿರೋ ದೊಡ್ಡೋರೂ ಅವನ್ನೇ ಕೇಳ್ತಾರೆ, ಅವ್ರು ಸ್ವಲ್ಪ ಜಗಳದ ದನಿಯಲ್ಲಿ ಕೇಳ್ತಾರೆ ಅಷ್ಟೇ. ಅದಕ್ಕೆ ಎಲ್ಲಾ ಒಂದ್ ಕಡೆ ಬರ್ದಿಟ್ಟಿದೀನಿ. ಇಸವಿಗಳು ಇದಾವೆ, ಆದ್ರೆ ಬರೀ ಇಸವಿ ಸಾಕು ಅನ್ನೋರಿಗೆ ಗೈಡ್ ಇದೆ, ಅದನ್ನೇ ಓದ್ಕೊಳ್ಳಿ.

ಸಾರ್, ಡೆಮಾಕ್ರಸಿ ಗ್ರೀಸ್‌ನಲ್ಲಿ ಹುಟ್ಟಿದ್ದು ಅಂತ ಬರೆದ್ರೆ ಮಾರ್ಕ್ಸ್ ಬರುತ್ತಾ?

ಬರುತ್ತೆ, ಬರೀರಿ. ಕ್ರಿ.ಪೂ. 508-507ರ ಹೊತ್ತಿಗೆ ಅಥೆನ್ಸ್‌ನಲ್ಲಿ ಕ್ಲೈಸ್ತನೀಸ್ ಅನ್ನೋನು ಹಳೇ ಮನೆತನಗಳ ಹಿಡಿತ ಮುರಿದು, ಜನ ಎಲ್ಲಿ ವಾಸ ಮಾಡ್ತಾರೋ ಆ ಊರಿನ ಲೆಕ್ಕದಲ್ಲಿ ಅವ್ರನ್ನ ಹೊಸದಾಗಿ ಗುಂಪು ಮಾಡ್ದ. 500 ಜನರ ಒಂದು ಕೌನ್ಸಿಲ್ ಇತ್ತು, ಅದ್ರ ಸದಸ್ಯರನ್ನ ಚೀಟಿ ಎತ್ತಿ ಆರಿಸ್ತಿದ್ರು. ದೊಡ್ಡ ವಿಷಯ ಏನೇ ಇದ್ರೂ ಗುಡ್ಡದ ಮೇಲೆ ಎಲ್ಲಾ ನಾಗರಿಕರು ಸೇರಿ ಕೈ ಎತ್ತಿ ತೀರ್ಮಾನ ಮಾಡ್ತಿದ್ರು.

ಆದ್ರೆ ನೀವು ಗಮನಿಸ್ಬೇಕಾದ್ದು ಎರಡಿದೆ. ಒಂದು, ಅವ್ರಿಗೆ ಚುನಾವಣೆ ಅಂದ್ರೆ ಅಷ್ಟು ನಂಬಿಕೆ ಇರ್ಲಿಲ್ಲ. ಓಟು ಹಾಕಿ ಆರಿಸಿದ್ರೆ ದುಡ್ಡಿರೋನು, ಮಾತು ಬಲ್ಲೋನು ಗೆಲ್ತಾನೆ, ಚೀಟಿ ಎತ್ತಿದ್ರೇನೇ ಸಮಾನತೆ ಅಂತ ಅವ್ರ ವಾದ (ನಮ್ ಕಡೆ ಎಲೆಕ್ಷನ್ ನೋಡಿದ್ಮೇಲೆ ಈ ವಾದನ ಪೂರ್ತಿ ತಳ್ಳಿ ಹಾಕಕ್ಕಾಗಲ್ಲ ಬಿಡಿ). ಇನ್ನೊಂದು, ಅಧಿಕಾರದ ಅವಧಿ ಮುಗಿದ ಮೇಲೆ ಪ್ರತಿಯೊಬ್ಬ ಅಧಿಕಾರಿನೂ ಬಂದು ಲೆಕ್ಕ ಒಪ್ಪಿಸ್ಬೇಕಿತ್ತು, ದುಡ್ಡು ಎಲ್ಲೋಯ್ತು ಅಂತ ಯಾವ ನಾಗರಿಕ ಬೇಕಾದ್ರೂ ಎದ್ದು ದೂರು ಕೊಡಬೋದಿತ್ತು. ಈ ಲೆಕ್ಕ ಒಪ್ಪಿಸೋ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬರೀ ಅದೇ ಬರ್ತಾ ಇರುತ್ತೆ.

ಹೆಂಗಸರು, ಗುಲಾಮರು, ಹೊರಗಿಂದ ಬಂದು ನೆಲೆಸಿದೋರು, ಇವ್ರ್ಯಾರಿಗೂ ಅಲ್ಲಿ ಜಾಗ ಇರ್ಲಿಲ್ಲ. ಸಾಕ್ರಟೀಸ್‌ಗೆ ಕ್ರಿ.ಪೂ. 399ರಲ್ಲಿ ವಿಷ ಕುಡಿಸಿದ್ದೂ ಇದೇ ಅಥೆನ್ಸ್, ಅದೂ ಸಾಮಾನ್ಯ ಜನರೇ ಕೂತಿದ್ದ ನ್ಯಾಯಸಭೆಯಲ್ಲಿ ಓಟು ಎಣಿಸಿ. ಬಹುಮತಕ್ಕೆ ಬೇಲಿ ಬೇಕು, ಮೂಲಭೂತ ಹಕ್ಕು ಬೇಕು ಅನ್ನೋ ಮಾತು ಬರೋದಕ್ಕೆ ಇನ್ನೂ ಎರಡು ಸಾವಿರ ವರ್ಷ ಹಿಡೀತು.

ರೋಮ್‌ನಿಂದ ಏನು ಬಂತು?

ಗಣರಾಜ್ಯ ಅನ್ನೋ ಐಡಿಯಾ. ಒಬ್ಬನ ಕೈಗೆ ಪೂರ್ತಿ ಅಧಿಕಾರ ಕೊಡಬಾರ್ದು ಅಂತ ಕಾನ್ಸಲ್ ಅನ್ನೋ ಇಬ್ಬರು ಮುಖ್ಯಾಧಿಕಾರಿಗಳು, ಅದೂ ಒಂದೇ ವರ್ಷಕ್ಕೆ, ಒಬ್ಬ ಮಾಡಿದ್ದನ್ನ ಇನ್ನೊಬ್ಬ ತಡೀಬೋದು. ಸಾಮಾನ್ಯ ಜನರ ಪರವಾಗಿ ಟ್ರಿಬ್ಯೂನ್ ಅಂತ ಇದ್ರು, ಅವ್ರಿಗೆ ವೀಟೋ, ಅಂದ್ರೆ ತೀರ್ಮಾನ ತಡೆಯೋ ಅಧಿಕಾರ ಇತ್ತು. ಕಾನೂನನ್ನ ಬಾಯಲ್ಲಿ ಇಟ್ಕೊಂಡಿರಬಾರ್ದು, ಎಲ್ಲರಿಗೂ ಕಾಣೋ ಹಂಗೆ ಬರೆದು ನಿಲ್ಲಿಸಬೇಕು ಅಂತ ಕ್ರಿ.ಪೂ. 451-450ರಲ್ಲಿ ಹನ್ನೆರಡು ಫಲಕಗಳು. ಅಮೆರಿಕದೋರು ತಮ್ಮ ಮೇಲ್ಮನೆಗೆ ಸೆನೆಟ್ ಅಂತ ಹೆಸರಿಟ್ಟಿದ್ದು ಇಲ್ಲಿಂದಲೇ. ಇಷ್ಟು ಸಾಕು.

ನಮ್ ದೇಶದಲ್ಲಿ ಮೊದ್ಲೇ ಇರ್ಲಿಲ್ವಾ? ಎಲ್ಲಾ ಬ್ರಿಟಿಷರು ಕೊಟ್ಟಿದ್ದೇನಾ?

ಇದು ಬೇಕರಿ ಮುಂದೆ ಬರೋ ಪ್ರಶ್ನೆ. ಎರಡು ಪಾರ್ಟಿ ಇರ್ತಾವೆ. ಒಬ್ರು ಎಲ್ಲಾ ನಮ್ಮಲ್ಲೇ ಇತ್ತು ಅಂತಾರೆ, ಇನ್ನೊಬ್ರು ಬ್ರಿಟಿಷರು ಬರ್ದಿದ್ರೆ ಇನ್ನೂ ರಾಜರ ಕಾಲಿಗೆ ಬೀಳ್ತಾ ಇರ್ತಿದ್ವಿ ಅಂತಾರೆ. ಇಬ್ರೂ ಓದಿರಲ್ಲ.

ಬುದ್ಧನ ಕಾಲದಲ್ಲಿ ವೈಶಾಲಿ ಕಡೆ ವಜ್ಜಿಗಳು, ಲಿಚ್ಛವಿಗಳು ಅಂತ ಇದ್ರು, ಅಲ್ಲಿ ಒಬ್ಬ ರಾಜ ಇಲ್ಲ, ಮನೆತನಗಳ ಮುಖ್ಯಸ್ಥರು ಸಭೆ ಸೇರಿ ಆಳ್ತಿದ್ರು. ಬೌದ್ಧ ಸಂಘದಲ್ಲಂತೂ ಸಭೆ ನಡೆಸೋಕೆ ಪಕ್ಕಾ ನಿಯಮ ಇದ್ವು. ಕೋರಂ, ಅಂದ್ರೆ ಕನಿಷ್ಠ ಇಷ್ಟು ಜನ ಇರ್ಬೇಕು, ಠರಾವು ಇಷ್ಟು ಸಲ ಓದ್ಬೇಕು, ಒಮ್ಮತ ಬರ್ಲಿಲ್ಲ ಅಂದ್ರೆ ಮರದ ಕಡ್ಡಿ ಹಂಚಿ ಓಟು ಎಣಿಸ್ಬೇಕು. 1949ರ ನವೆಂಬರ್ 25ಕ್ಕೆ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವ್ರು ಮಾಡಿದ ಭಾಷಣದಲ್ಲಿ ಈ ಭಿಕ್ಷು ಸಂಘಗಳ ವಿಷಯ ಬರುತ್ತೆ. ಇಂಡಿಯಾಕ್ಕೆ ಪಾರ್ಲಿಮೆಂಟಿನ ರೀತಿ ರಿವಾಜು ಹೊಸದಲ್ಲ, ಇತ್ತು, ಆದ್ರೆ ಕಳ್ಕೊಂಡ್ವಿ, ಎರಡನೇ ಸಲ ಕಳ್ಕೋತೀವಾ ಅನ್ನೋದು ಅವ್ರ ಆತಂಕ.

ಇನ್ನು ಉತ್ತರಮೇರೂರು. ಕಾಂಚೀಪುರದ ಹತ್ರ ಇದೆ, ಒಂದನೇ ಪರಾಂತಕ ಚೋಳನ ಕಾಲದ, ಅಂದ್ರೆ ಕ್ರಿ.ಶ. 920ರ ಆಸುಪಾಸಿನ ಶಾಸನಗಳು ಗೋಡೆ ಮೇಲೇ ಇದಾವೆ. ಊರನ್ನ ವಾರ್ಡ್ ವಾರ್ಡ್ ಮಾಡಿ, ಅರ್ಹರ ಹೆಸರು ಓಲೆಗರಿ ಮೇಲೆ ಬರೆದು ಮಡಕೆಗೆ ಹಾಕಿ, ಏನೂ ತಿಳೀದ ಒಬ್ಬ ಸಣ್ಣ ಹುಡುಗನ ಕೈಲಿ ಎತ್ತಿಸ್ತಿದ್ರು. ವಯಸ್ಸು 35ರಿಂದ 70ರ ಒಳಗೆ ಇರ್ಬೇಕು, ತೆರಿಗೆ ಕಟ್ಟೋ ಜಮೀನು ಇರ್ಬೇಕು, ಸ್ವಂತ ಜಾಗದಲ್ಲಿ ಮನೆ ಇರ್ಬೇಕು. ಹಿಂದಿನ ಮೂರು ವರ್ಷದಲ್ಲಿ ಸಮಿತಿಯಲ್ಲಿ ಇದ್ದೋನು ನಿಲ್ಲಂಗಿಲ್ಲ. ಎಲ್ಲಕ್ಕಿಂತ ನನಗೆ ಇಷ್ಟ ಆಗೋದು ಇದು, ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸ್ದೇ ಹೋದೋನ ಹೆಸರು ಮಡಕೆಗೆ ಹಾಕಂಗಿಲ್ಲ, ಅವನದ್ದಷ್ಟೇ ಅಲ್ಲ, ಅವನ ಹತ್ತಿರದ ನೆಂಟರ ಹೆಸರೂ ಹಾಕಂಗಿಲ್ಲ! ಅಪ್ಪನ ಸೀಟಿಗೆ ಮಗ, ಅಣ್ಣನ ಸೀಟಿಗೆ ಬಾಮೈದ ಅಂತ ನಿಲ್ಲಿಸೋ ನಮ್ ಕಾಲಕ್ಕೆ ಈ ನಿಯಮ ತಂದ್ರೆ ಎಷ್ಟು ಜನ ಉಳೀತಾರೋ.

ಚೋಳರು ನಮ್ ಕೋಲಾರ ಸೀಮೆಯನ್ನೂ ಆಳಿದ್ರು, ಕೋಲಾರಮ್ಮನ ಗುಡಿಗೆ ಹೋದ್ರೆ ಅವ್ರ ಕಾಲದ ತಮಿಳು ಶಾಸನ ಕಾಣ್ತಾವೆ. ಹಂಗಂತ ಅದನ್ನ ಇವತ್ತಿನ ಪ್ರಜಾಪ್ರಭುತ್ವ ಅನ್ನಕ್ಕಾಗುತ್ತಾ? ಆಗಲ್ಲ. ಉತ್ತರಮೇರೂರಿನದು ಬ್ರಾಹ್ಮಣರ ಸಭೆ, ವೇದ ಗೊತ್ತಿರ್ಬೇಕು, ಜಮೀನಿರ್ಬೇಕು. ಊರಿನ ಹೊಲದಲ್ಲಿ ದುಡಿಯೋನ ಹೆಸರು ಓಲೆಗರಿಗೆ ಬರ್ತಾನೇ ಇರ್ಲಿಲ್ಲ. ಅಥೆನ್ಸ್ ಕಥೆನೂ ಇದೇ ಅಲ್ವಾ, ಅಲ್ಲಿಗೆ ಒಂದು ನ್ಯಾಯ ಇಲ್ಲಿಗೆ ಒಂದು ನ್ಯಾಯ ಬೇಡ.

ಅನುಭವ ಮಂಟಪನೇ ಪ್ರಪಂಚದ ಮೊದಲ ಪಾರ್ಲಿಮೆಂಟಾ?

ಪೋಸ್ಟರ್‌ಗಳಲ್ಲಿ ಹಂಗೇ ಬರೀತಾರೆ. ನನ್ನ ಅಭಿಪ್ರಾಯ ಬೇರೆ. 12ನೇ ಶತಮಾನದ ಕಲ್ಯಾಣದಲ್ಲಿ ಶರಣರು ಕೂಡಿ ಕೂತು ಮಾತಾಡಿದ್ರು, ಅಲ್ಲಮಪ್ರಭು ಅಧ್ಯಕ್ಷ ಪೀಠದಲ್ಲಿ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ ಇವ್ರ ಮಾತಿಗೆಲ್ಲ ಅಲ್ಲಿ ಬೆಲೆ ಇತ್ತು. ಅದು ಕಾನೂನು ಮಾಡ್ಲಿಲ್ಲ, ತೆರಿಗೆ ಹಾಕ್ಲಿಲ್ಲ, ಬಿಜ್ಜಳನ ಖಜಾನೆ ಲೆಕ್ಕ ಕೇಳ್ಲಿಲ್ಲ. ಹಂಗಾಗಿ ಪಾರ್ಲಿಮೆಂಟ್ ಅನ್ನೋದು ತಪ್ಪು. ಆದ್ರೆ ಅಥೆನ್ಸ್‌ನೋರಿಗೂ ಉತ್ತರಮೇರೂರಿನೋರಿಗೂ ಆಗದೇ ಇದ್ದ ಕೆಲಸ ಇವ್ರು ಮಾಡಿದ್ರು, ಯಾರು ಮಾತಾಡಬೋದು ಅನ್ನೋ ಗೆರೆಯನ್ನೇ ಅಳಿಸಿದ್ರು. ನನ್ ಪ್ರಕಾರ ಅದು ಪಾರ್ಲಿಮೆಂಟಿಗಿಂತ ದೊಡ್ಡದು, ಅದಕ್ಕೆ ಇಲ್ಲದ ಬಿರುದು ಕಟ್ಟೋ ಅವಶ್ಯಕತೆ ಇಲ್ಲ. ತುಮಕೂರು ಕಡೆ ಮಠದ ಹಾಸ್ಟೆಲ್‌ನಲ್ಲಿ ಓದ್ಕೊಂಡು ಬಂದ ಹುಡುಗ್ರು ಇದಕ್ಕೆ ನನ್ ಜೊತೆ ವಾದ ಮಾಡ್ತಾರೆ, ಮಾಡ್ಲಿ.

ಮ್ಯಾಗ್ನಕಾರ್ಟ ಅಂದ್ರೆ ಏನು? ಯಾಕೆ ಅಷ್ಟೊಂದು ಹೇಳ್ತಾರೆ?

1215ರ ಜೂನ್‌ನಲ್ಲಿ ಇಂಗ್ಲೆಂಡಿನ ರನ್ನಿಮೀಡ್ ಅನ್ನೋ ನದಿ ಪಕ್ಕದ ಹುಲ್ಲುಗಾವಲಲ್ಲಿ ಜಾನ್ ಅನ್ನೋ ರಾಜ ತನ್ನ ಪಾಳೇಗಾರರಿಗೆ ಬರ್ಕೊಟ್ಟ ಪತ್ರ ಇದು. ಯಾಕೆ ಬರ್ಕೊಟ್ಟ? ಫ್ರಾನ್ಸ್ ಜೊತೆ ಯುದ್ಧ ಮಾಡಿ ನಾರ್ಮಂಡಿ ಕಳ್ಕೊಂಡ, ಮತ್ತೆ ಗೆಲ್ಬೇಕು ಅಂತ ತೆರಿಗೆ ಮೇಲೆ ತೆರಿಗೆ ಹಾಕ್ದ, 1214ರಲ್ಲಿ ಮತ್ತೆ ಸೋತ, ಪಾಳೇಗಾರರು ತಿರುಗಿ ಬಿದ್ರು. ನಿಡಗಲ್ಲು, ಮಧುಗಿರಿ ಕೋಟೆ ನೋಡಿ ಬೆಳೆದ ತುಮಕೂರು ಜಿಲ್ಲೆಯೋರಿಗೆ ಪಾಳೇಗಾರರು ತಿರುಗಿ ಬೀಳೋದು ಅಂದ್ರೆ ಏನು ಅಂತ ನಾನೇನು ಹೇಳ್ಬೇಕಿಲ್ಲ.

ಅದ್ರಲ್ಲಿ ಎರಡು ಕಲಂ ಮುಖ್ಯ. ಇಂಥಿಂಥ ತೆರಿಗೆ ಹಾಕೋ ಮುಂಚೆ ರಾಜ್ಯದ ಪ್ರಮುಖರ ಸಭೆ ಒಪ್ಪಿರ್ಬೇಕು ಅನ್ನೋದು ಒಂದು. ಕಾನೂನಿನ ತೀರ್ಪಿಲ್ಲದೆ ಸ್ವತಂತ್ರ ಮನುಷ್ಯನನ್ನ ಹಿಡಿದು ಒಳಗೆ ಹಾಕಂಗಿಲ್ಲ ಅನ್ನೋದು ಇನ್ನೊಂದು. ಸ್ವತಂತ್ರ ಮನುಷ್ಯ ಅಂದಿದಾರೆ ನೋಡಿ, ಆಗಿನ ಇಂಗ್ಲೆಂಡಿನ ರೈತರಲ್ಲಿ ತುಂಬಾ ಜನ ಜೀತದಲ್ಲಿದ್ರು, ಅವ್ರಿಗೆ ಇದು ಅನ್ವಯನೇ ಇಲ್ಲ. ಅದೂ ಅಲ್ದೆ ಅದೇ ವರ್ಷ ಪೋಪ್ ಕೈಲಿ ಈ ಪತ್ರ ರದ್ದೂ ಮಾಡಿಸ್ದ ಜಾನ್. ಅವನು ಸತ್ತ ಮೇಲೆ ಮತ್ತೆ ಮತ್ತೆ ಹೊರಡಿಸಿದ್ರು, 1225ರದ್ದು ಗಟ್ಟಿಯಾಗಿ ನಿಲ್ತು. ಅಂದ್ರೆ ಅದು ಜನರಿಗಾಗಿ ಮಾಡಿದ್ದಲ್ಲ, ದೊಡ್ಡೋರು ತಮ್ ಜೇಬು ಉಳಿಸ್ಕೊಳ್ಳೋಕೆ ಮಾಡಿದ್ದು. ಆದ್ರೆ ರಾಜನೂ ಕಾನೂನಿಗೆ ತಲೆ ಬಾಗಬೇಕು ಅನ್ನೋ ಸಾಲು ಒಂದ್ಸಲ ಕಾಗದದ ಮೇಲೆ ಬಂದ್ಮೇಲೆ ಮುಂದೆ ಬೇರೆಯೋರೂ ಅದನ್ನ ಹಿಡ್ಕೊಂಡು ಬಂದ್ರು.

ಆಮೇಲೆ ಅಲ್ಲಿ ರಾಜನ ತಲೆನೇ ತೆಗೆದ್ರಂತೆ ನಿಜಾನಾ?

ನಿಜ. ಒಂದನೇ ಚಾರ್ಲ್ಸ್, 1649ರ ಜನವರಿ 30. ಇದೂ ದುಡ್ಡಿನ ಜಗಳನೇ. ಪಾರ್ಲಿಮೆಂಟ್ ಕರೆದ್ರೆ ಪ್ರಶ್ನೆ ಕೇಳ್ತಾರೆ ಅಂತ 1629ರಿಂದ 11 ವರ್ಷ ಕರೀಲೇ ಇಲ್ಲ ಅವನು, ಹಳೇ ಹಳೇ ತೆರಿಗೆ ಹುಡುಕಿ ವಸೂಲಿ ಮಾಡ್ದ, ಸಮುದ್ರ ತೀರದ ಊರುಗಳು ಯುದ್ಧದ ಹಡಗಿಗೆ ಕೊಡ್ತಿದ್ದ ದುಡ್ಡನ್ನ ಒಳನಾಡಿನೋರ ಮೇಲೂ ಹಾಕ್ದ. ಕೊನೆಗೆ ಸ್ಕಾಟ್ಲೆಂಡ್ ಜೊತೆ ಯುದ್ಧಕ್ಕೆ ಖಜಾನೆ ಖಾಲಿ ಆಗಿ 1640ರಲ್ಲಿ ಕರೀಲೇಬೇಕಾಯ್ತು, ಕರೆದ್ಮೇಲೆ ಅವ್ರು ಎದ್ದೋಗ್ಲಿಲ್ಲ, ಅಂತರ್ಯುದ್ಧ ಆಯ್ತು. ರಾಜರು ಮತ್ತೆ ಬಂದ್ರು, ಮತ್ತೆ ಜಗಳ, 1688ರಲ್ಲಿ ಒಬ್ಬ ರಾಜ ಓಡಿಹೋದ, 1689ರಲ್ಲಿ ಹಕ್ಕುಗಳ ಮಸೂದೆ ಬಂತು. ಪಾರ್ಲಿಮೆಂಟ್ ಒಪ್ಪದೆ ತೆರಿಗೆ ಇಲ್ಲ, ಶಾಂತಿ ಕಾಲದಲ್ಲಿ ಸೈನ್ಯ ಇಲ್ಲ, ಸದನದಲ್ಲಿ ಆಡಿದ ಮಾತಿಗೆ ಹೊರಗೆ ಕೇಸ್ ಇಲ್ಲ. ನಮ್ಮ ಶಾಸಕರಿಗೆ ಇವತ್ತು ಸದನದಲ್ಲಿ ಇರೋ ಮಾತಿನ ರಕ್ಷಣೆ ಈ ದಾರಿಯಲ್ಲೇ ಬಂದಿದ್ದು. ಬಜೆಟ್ ಪಾಸ್ ಆಗ್ಲಿಲ್ಲ ಅಂದ್ರೆ ಸರ್ಕಾರನೇ ಬೀಳುತ್ತಲ್ಲ, ಅದ್ರ ಬೇರೂ ಇಲ್ಲೇ.

ಅಮೆರಿಕ, ಫ್ರಾನ್ಸ್ ಎರಡು ಕ್ರಾಂತಿ ಕನ್‌ಫ್ಯೂಸ್ ಆಗುತ್ತೆ

ಎರಡೂ ಖಜಾನೆಯಿಂದ ಶುರು ಆದ್ವು ಅಂತ ಇಟ್ಕೊಳ್ಳಿ, ಮರೆಯಲ್ಲ. ಬ್ರಿಟನ್ ತನ್ನ ಯುದ್ಧದ ಸಾಲ ತೀರಿಸೋಕೆ ಅಮೆರಿಕದ ವಸಾಹತುಗಳ ಮೇಲೆ 1765ರಲ್ಲಿ ಸ್ಟಾಂಪ್ ತೆರಿಗೆ ಹಾಕ್ತು. ನಿಮ್ಮ ಪಾರ್ಲಿಮೆಂಟಲ್ಲಿ ನಮ್ಮೋರು ಒಬ್ರೂ ಇಲ್ಲ, ನಾವ್ಯಾಕೆ ತೆರಿಗೆ ಕಟ್ಬೇಕು ಅಂತ ಅವ್ರು ಕೇಳಿದ್ರು. 1776ರಲ್ಲಿ ಸ್ವಾತಂತ್ರ್ಯ ಘೋಷಣೆ, 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಲಿಖಿತ ಸಂವಿಧಾನ, 1791ರಲ್ಲಿ ಹಕ್ಕುಗಳ ಮಸೂದೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಬೇರೆ ಬೇರೆ ಇರ್ಬೇಕು ಅನ್ನೋದನ್ನ ಫ್ರಾನ್ಸಿನ ಮಾಂಟೆಸ್ಕ್ಯೂ 1748ರಲ್ಲಿ ಬರೆದಿದ್ದ, ಇವ್ರು ಅದನ್ನ ಕೆಲಸಕ್ಕೆ ಇಳಿಸಿದ್ರು. 1803ರ ಮಾರ್ಬರಿ ಕೇಸಲ್ಲಿ ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನ ಕೋರ್ಟ್ ಹೊಡೆದು ಹಾಕಬೋದು ಅಂತ ಆಯ್ತು. ಇಷ್ಟೆಲ್ಲಾ ಸ್ವಾತಂತ್ರ್ಯ ಮಾತಾಡಿದೋರು ಜನಸಂಖ್ಯೆ ಎಣಿಸೋವಾಗ ಐದು ಗುಲಾಮರನ್ನ ಮೂರು ಜನ ಅಂತ ಲೆಕ್ಕ ಹಿಡಿದ್ರು, ಓಟು ಮಾತ್ರ ಒಬ್ರಿಗೂ ಇಲ್ಲ.

ಫ್ರಾನ್ಸ್‌ನಲ್ಲಿ ರಾಜ ದಿವಾಳಿ. 1614ರಿಂದ ಕರೆಯದೇ ಇದ್ದ ಸಭೆಯನ್ನ 1789ರ ಮೇ ತಿಂಗಳಲ್ಲಿ ಕರೆದ. ಪಾದ್ರಿಗಳು ಒಂದು ವರ್ಗ, ಶ್ರೀಮಂತ ಮನೆತನಗಳು ಒಂದು ವರ್ಗ, ಮಿಕ್ಕ ಇಡೀ ದೇಶ ಮೂರನೇ ವರ್ಗ, ಒಂದೊಂದು ವರ್ಗಕ್ಕೂ ಒಂದೊಂದು ಓಟು, ಮೊದಲ ಎರಡಕ್ಕೆ ತೆರಿಗೆಯಲ್ಲಿ ಭಾರೀ ವಿನಾಯಿತಿ. ಆ ಮೂರನೇ ವರ್ಗದೋರು ನಾವೇ ರಾಷ್ಟ್ರೀಯ ಸಭೆ ಅಂತ ಎದ್ದು ನಿಂತ್ರು, ಆಗಸ್ಟಿನಲ್ಲಿ ಮನುಷ್ಯನ ಮತ್ತು ನಾಗರಿಕನ ಹಕ್ಕುಗಳ ಘೋಷಣೆ ಬಂತು. ಆಮೇಲೆ ತಲೆ ಕಡಿಯೋ ಗಿಲೊಟಿನ್ ಯಂತ್ರ, ನೆಪೋಲಿಯನ್, ಮತ್ತೆ ರಾಜರು, ಅದು ದೊಡ್ಡ ಕಥೆ. ನಮ್ಮ ಪೀಠಿಕೆಯಲ್ಲಿರೋ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ನೋಡಿದ್ರೆ ಫ್ರಾನ್ಸ್ ನೆನಪಾಗುತ್ತೆ. ಅಂಬೇಡ್ಕರ್ ಅವ್ರು ಮಾತ್ರ ನಾನು ಇದನ್ನ ಫ್ರೆಂಚರಿಂದ ಅಲ್ಲ, ಬುದ್ಧನಿಂದ ತಗೊಂಡೆ ಅಂತ ಹೇಳಿದ್ರು.

ಹಂಗಾದ್ರೆ ಎಲ್ಲರಿಗೂ ಓಟು ಯಾವಾಗ ಬಂತು?

ಬಹಳ ತಡ. 1832ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಓಲ್ಡ್ ಸಾರಂ ಅಂತ ಒಂದು ಕ್ಷೇತ್ರ ಇತ್ತು, ಊರೇ ಇಲ್ಲ, ಬರೀ ದಿಬ್ಬ, ಬೆರಳೆಣಿಕೆ ಮತದಾರರು, ಅದಕ್ಕೆ ಇಬ್ಬರು ಎಂಪಿಗಳು! ಅದೇ ಹೊತ್ತಲ್ಲಿ ಮ್ಯಾಂಚೆಸ್ಟರ್‌ನಂಥ ದೊಡ್ಡ ಊರಿಗೆ ತನ್ನದೇ ಅಂತ ಒಬ್ಬ ಎಂಪಿನೂ ಇಲ್ಲ. 1838ರಿಂದ ಚಾರ್ಟಿಸ್ಟರು ಅಂತ ಕೂಲಿ ಕಾರ್ಮಿಕರು ಲಕ್ಷಗಟ್ಟಲೆ ಸಹಿ ಹಾಕಿದ ಅರ್ಜಿ ಹೊತ್ಕೊಂಡು ಪಾರ್ಲಿಮೆಂಟಿಗೆ ಹೋದ್ರು, ಪ್ರತಿ ಗಂಡಸಿಗೂ ಓಟು, ಗುಟ್ಟಿನ ಮತದಾನ, ಎಂಪಿಗೆ ಸಂಬಳ, ಹಿಂಗೆ ಆರು ಬೇಡಿಕೆ. ಆಗ ತಳ್ಳಿ ಹಾಕಿದ್ರು, ಆಮೇಲೆ ಪ್ರತಿ ವರ್ಷ ಚುನಾವಣೆ ಅನ್ನೋದೊಂದು ಬಿಟ್ಟು ಮಿಕ್ಕ ಐದೂ ಬಂದ್ವು. ಬ್ಯಾಲೆಟ್ ಪೇಪರ್ ಕೊಟ್ಟು ಮರೆಯಲ್ಲಿ ಓಟು ಹಾಕಿಸೋ ಪದ್ಧತಿ ಆಸ್ಟ್ರೇಲಿಯಾದ ವಸಾಹತುಗಳಲ್ಲಿ 1856ರಲ್ಲಿ ಶುರುವಾಯ್ತು, ಬ್ರಿಟನ್‌ಗೆ ಬಂದಿದ್ದು 1872ಕ್ಕೆ. ಅಲ್ಲೀವರೆಗೂ ಯಜಮಾನನ ಎದುರಿಗೇ ನಿಂತು ಯಾರಿಗೆ ಓಟು ಅಂತ ಬಾಯಿಬಿಟ್ಟು ಹೇಳ್ಬೇಕಿತ್ತು.

ಹೆಂಗಸರಿಗೆ ನ್ಯೂಜಿಲೆಂಡ್ 1893, ಬ್ರಿಟನ್ 1918 (ಅದೂ 30 ವರ್ಷ ಆದೋರಿಗೆ, ಗಂಡಸರ ಸಮಕ್ಕೆ 1928), ಅಮೆರಿಕ 1920, ಫ್ರಾನ್ಸ್ 1944. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಚುನಾವಣೆಯಲ್ಲಿ 1971! ಈ ಪಟ್ಟಿ ಕ್ಲಾಸಲ್ಲಿ ಬರೆದಾಗ ಹುಡ್ಗೀರು ಸ್ವಿಟ್ಜರ್ಲೆಂಡ್ ನೋಡಿ ಜೋರಾಗಿ ನಗ್ತಾರೆ, ನಗ್ಬೇಕಾದ್ದೇ.

ನಮ್ಮ ಮೈಸೂರಲ್ಲಿ ರಾಜರಿದ್ರಲ್ಲ, ಅಸೆಂಬ್ಲಿ ಎಲ್ಲಿಂದ ಬಂತು?

ಇದನ್ನ ಕೇಳೋರು ಕಮ್ಮಿ, ಆದ್ರೆ ಕೇಳ್ಬೇಕಾಗಿದ್ದು ಇದನ್ನೇ. 1831ರಿಂದ 1881ರವರೆಗೆ 50 ವರ್ಷ ಮೈಸೂರನ್ನ ಬ್ರಿಟಿಷ್ ಕಮಿಷನರ್‌ಗಳು ಆಳಿದ್ರು. ಕೊನೆಗೊಂದು ಭೀಕರ ಬರ ಬಂತು, 1876-78. ನಮ್ ಬಯಲುಸೀಮೆ ಕಡೆ ಹಳ್ಳಿ ಹಳ್ಳಿನೇ ಖಾಲಿ ಆಗಿದ್ವು, ಸಂಸ್ಥಾನದ ಐದರಲ್ಲೊಂದು ಪಾಲು ಜನ ಹೋದ್ರು ಅಂತ ಲೆಕ್ಕ. ಖಜಾನೆ ತಳ ಮುಟ್ಟಿತ್ತು. ಅಂಥಾ ಹೊತ್ತಲ್ಲಿ 1881ರ ಮಾರ್ಚ್‌ನಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರ್ ಅವ್ರಿಗೆ ರಾಜ್ಯ ವಾಪಸ್ ಬಂತು, ಸಿ. ರಂಗಾಚಾರ್ಲು ದಿವಾನರು. ಅದೇ ವರ್ಷ ಅಕ್ಟೋಬರ್ 7ಕ್ಕೆ ದಸರಾ ಸಮಯದಲ್ಲಿ ಮೈಸೂರಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರ್ತು, 144 ಸದಸ್ಯರು. ಕೋಲಾರ, ತುಮಕೂರು ಸೇರಿ ಎಲ್ಲಾ ಜಿಲ್ಲೆಗಳಿಂದ ರೈತರು, ವರ್ತಕರು ಬಂದಿದ್ರು.

ಅಧಿಕಾರ ಏನಿತ್ತು ಅಂತ ಕೇಳಿದ್ರೆ ಏನೂ ಇರ್ಲಿಲ್ಲ. ದಿವಾನರು ಎದ್ದು ನಿಂತು ವರ್ಷದ ಆದಾಯ ಇಷ್ಟು, ಖರ್ಚು ಇಷ್ಟು, ಮುಂದೆ ಮಾಡೋದು ಇದು ಅಂತ ಓದೋರು, ಸದಸ್ಯರು ತಮ್ ತಮ್ ಸೀಮೆ ಕಷ್ಟ ಹೇಳೋರು, ಕಂದಾಯ, ಕೆರೆ, ಕಾಡಿನ ಕಾಯಿದೆ, ಇಂಥವು. ಸದಸ್ಯರನ್ನ ಆರಿಸಿದ್ದೂ ಜನ ಅಲ್ಲ, ಅಧಿಕಾರಿಗಳು. ಆಸ್ತಿ ಇರೋರಿಗೆ ಚುನಾವಣೆ ಅಂತ ಬಂದಿದ್ದು 1891ರಲ್ಲಿ. ಅಷ್ಟಾದ್ರೂ ನನಗೆ ಇದು ದೊಡ್ಡ ವಿಷಯ ಅನ್ಸುತ್ತೆ, ಯಾಕಂದ್ರೆ ರಾಜನ ಕಡೆಯೋನು ರೈತನ ಮುಂದೆ ನಿಂತು ಜಮಾ ಖರ್ಚು ಓದೋದು ಅನ್ನೋದು ಅಭ್ಯಾಸ ಆಯ್ತು. ಒಂದ್ಸಲ ಕೇಳಿಸ್ಕೊಂಡೋನು ಮುಂದಿನ ವರ್ಷ ಪ್ರಶ್ನೆ ಕೇಳೇ ಕೇಳ್ತಾನೆ. ಹಂಗೇ ಆಯ್ತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು, ಅದೇ ಇವತ್ತಿನ ವಿಧಾನ ಪರಿಷತ್ತಿನ ಹಳೇ ಮೂಲ. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾಯಿದೆಯ ಬಲ ಸಿಕ್ತು, ಹೊಸ ತೆರಿಗೆ ಹಾಕೋ ಮುಂಚೆ ಈ ಸಭೆಯ ಅಭಿಪ್ರಾಯ ಕೇಳ್ಬೇಕು ಅಂತ ಆಯ್ತು, ಆಸ್ತಿ ಅರ್ಹತೆ ಇರೋ ಹೆಂಗಸರಿಗೂ ಓಟು ಬಂತು. ಆದ್ರೆ ಕೊನೇ ಮಾತು ದಿವಾನರದ್ದೇ, ಅವ್ರನ್ನ ಇಳಿಸೋ ಅಧಿಕಾರ ಸಭೆಗೆ ಯಾವತ್ತೂ ಬರ್ಲಿಲ್ಲ.

ವಿಶ್ವೇಶ್ವರಯ್ಯನವರ ಪಾತ್ರ ಏನು?

ಮುದ್ದೇನಹಳ್ಳಿಯೋರು, ನಮ್ ಜಿಲ್ಲೆಯೋರು, 1912ರಿಂದ 1918ರವರೆಗೆ ದಿವಾನರು. ಸಭೆಗಳ ಸದಸ್ಯರನ್ನ ಹೆಚ್ಚಿಸಿದ್ರು, ಬಜೆಟ್ ಚರ್ಚೆಗೆ ಜಾಗ ಕೊಟ್ರು. ಆದ್ರೆ ಇನ್ನೊಂದು ಮುಖನೂ ಹೇಳ್ಬೇಕು. ಸರ್ಕಾರಿ ಕೆಲಸ ಎಲ್ಲಾ ಒಂದೇ ಜಾತಿಯೋರ ಕೈಲಿದೆ ಅಂತ 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಕೊಂಡು ಹಿಂದುಳಿದೋರು ಮಹಾರಾಜರ ಹತ್ರ ಹೋದ್ರು, ನಾಲ್ವಡಿಯವರು ಹಿಂದುಳಿದೋರಿಗೆ ಕೆಲಸದಲ್ಲಿ ಪಾಲು ಕೊಡೋ ವಿಷಯ ನೋಡೋಕೆ ಮಿಲ್ಲರ್ ಸಮಿತಿ ಮಾಡಿದ್ರು, ವಿಶ್ವೇಶ್ವರಯ್ಯನವರಿಗೆ ಆ ದಾರಿ ಒಪ್ಪಿಗೆ ಆಗ್ಲಿಲ್ಲ, ರಾಜೀನಾಮೆ ಕೊಟ್ರು. ಅವ್ರ ಫೋಟೋ ಪ್ರತಿ ಆಫೀಸಲ್ಲಿದೆ. ಮೀಸಲಾತಿ ಚರ್ಚೆ ಶುರುವಾದ ಆ ಸಮಿತಿ ಹೆಸರು ಮಾತ್ರ ಪರೀಕ್ಷೆ ಬರೆಯೋರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ.

ವಿದುರಾಶ್ವತ್ಥದಲ್ಲಿ ಆಗಿದ್ದಕ್ಕೂ ಇದಕ್ಕೂ ಏನು ಸಂಬಂಧ? ಅದು ಬ್ರಿಟಿಷರ ವಿರುದ್ಧ ಅಲ್ವಾ?

ನಮ್ಮೂರಿಂದ ಬೈಕಲ್ಲಿ ಹೋಗೋ ದೂರ ಅಷ್ಟೇ, ಆದ್ರೂ ನಮ್ಮೋರೇ ತಪ್ಪು ತಿಳ್ಕೊಂಡಿರೋ ವಿಷಯ ಇದು. ಅಶ್ವತ್ಥ ಕಟ್ಟೆ, ಸುತ್ತ ಸಾಲು ಸಾಲು ನಾಗರಕಲ್ಲು, ಪಕ್ಕದಲ್ಲಿ ಪಿನಾಕಿನಿ. ಹರಕೆಗೆ ಅಂತ ಬರೋರೇ ಜಾಸ್ತಿ, ಅಲ್ಲೇ ಗುಂಡಿಗೆ ಸತ್ತೋರ ನೆನಪಿನ ವೀರಸೌಧ ಇದೆ, ಒಳಗೆ ಹೋಗಿ ನೋಡೋರು ಕಮ್ಮಿ.

1938ರ ಏಪ್ರಿಲ್‌ನಲ್ಲಿ ಮಂಡ್ಯ ಕಡೆ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್‌ನೋರು ಸರ್ಕಾರದ ನಿಷೇಧ ಮೀರಿ ಧ್ವಜ ಹಾರಿಸಿದ್ರು. ಅದಾದ ಮೇಲೆ ಊರೂರಲ್ಲೂ ಶುರುವಾಯ್ತು. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ವಿದುರಾಶ್ವತ್ಥದಲ್ಲಿ ಏಪ್ರಿಲ್ 25ಕ್ಕೆ ಸಾವಿರಾರು ಜನ ಸೇರಿದ್ರು, ಪೊಲೀಸರು ಗುಂಡು ಹಾರಿಸಿದ್ರು. ಸತ್ತೋರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಹೊಂದಿಕೆ ಇಲ್ಲ, 32 ಅನ್ನೋದು ನಮ್ ಕಡೆ ಎಲ್ಲರ ಬಾಯಲ್ಲಿರೋ ಸಂಖ್ಯೆ.

ಈಗ ಗಮನಿಸಿ. ಗುಂಡು ಹೊಡೆಸಿದ್ದು ಮೈಸೂರು ಸಂಸ್ಥಾನದ ಸರ್ಕಾರ, ದಿವಾನರು ಮಿರ್ಜಾ ಇಸ್ಮಾಯಿಲ್. ಹಿಂದೆ ಬ್ರಿಟಿಷರ ನೆರಳು ಇತ್ತು, ಇಲ್ಲ ಅನ್ನಲ್ಲ, ಆದ್ರೆ ಅಲ್ಲಿ ಸೇರಿದ್ದ ಜನ ಕೇಳ್ತಿದ್ದಿದ್ದು ಜವಾಬ್ದಾರಿ ಸರ್ಕಾರ, ಅಂದ್ರೆ ದಿವಾನರು ಮಹಾರಾಜರಿಗಲ್ಲ, ನಾವು ಆರಿಸಿದ ಸಭೆಗೆ ಉತ್ತರ ಕೊಡಬೇಕು ಅಂತ. 1881ರಲ್ಲಿ ಲೆಕ್ಕ ಓದಿ ಹೇಳಿದ್ರಲ್ಲ, ಅದ್ರ ಮುಂದಿನ ಪ್ರಶ್ನೆ ಇದು, ಲೆಕ್ಕ ಸರಿ ಇಲ್ಲಾಂದ್ರೆ ನಿಮ್ಮನ್ನ ಇಳಿಸೋಕೆ ನಮಗೆ ಆಗುತ್ತಾ? ಒಳ್ಳೇ ರಾಜರು, ಮಾದರಿ ಸಂಸ್ಥಾನ, ಕರೆಂಟು, ಅಣೆಕಟ್ಟು, ಕಾಲೇಜು ಎಲ್ಲಾ ಇತ್ತು, ಆದ್ರೂ ಜನ ಇದನ್ನ ಕೇಳಿದ್ರು. ಒಳ್ಳೆಯೋರು ಆಳ್ತಿದ್ರೆ ಸಾಕಲ್ಲ, ಡೆಮಾಕ್ರಸಿ ಯಾಕೆ ಅನ್ನೋರಿಗೆ ನಾನು ಬೇರೆ ಉತ್ತರ ಹುಡುಕಲ್ಲ, ವಿದುರಾಶ್ವತ್ಥಕ್ಕೆ ಕರ್ಕೊಂಡು ಹೋಗ್ತೀನಿ.

ಆಮೇಲೆ ಸರ್ದಾರ್ ಪಟೇಲ್, ಆಚಾರ್ಯ ಕೃಪಲಾನಿ ಬಂದು ದಿವಾನರ ಜೊತೆ ಮಾತಾಡಿ ಒಪ್ಪಂದ ಆಯ್ತು. ಮೈಸೂರು ಕಾಂಗ್ರೆಸ್‌ಗೆ ಮಾನ್ಯತೆ, ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟನೂ ಹಾರಿಸಬೋದು ಅಂತ.

ಮೊದಲ ಮುಖ್ಯಮಂತ್ರಿ ಕೋಲಾರದೋರು ಅಂತಾರಲ್ಲ?

ಹೌದು, ಕೆ.ಸಿ. ರೆಡ್ಡಿ, ಕೆಜಿಎಫ್ ಹತ್ರದ ಕ್ಯಾಸಂಬಳ್ಳಿಯೋರು. ದೇಶಕ್ಕೆ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದ್ರೂ ಮೈಸೂರಲ್ಲಿ ಜವಾಬ್ದಾರಿ ಸರ್ಕಾರ ಬರ್ಲಿಲ್ಲ, ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿ ಆಯ್ತು, ಜೈಲುಗಳು ತುಂಬಿದ್ವು, ಅಕ್ಟೋಬರ್‌ನಲ್ಲಿ ಮಹಾರಾಜರು ಒಪ್ಪಿದ್ರು, ಇವ್ರು ಪ್ರಮಾಣ ವಚನ ತಗೊಂಡ್ರು. ದೆಹಲಿಯ ಸಂವಿಧಾನ ಸಭೆಯಲ್ಲೂ ಮೈಸೂರಿನ ಕಡೆಯಿಂದ ಸದಸ್ಯರಾಗಿದ್ರು.

ನಮ್ಮ ಸಂವಿಧಾನ ಬೇರೆ ದೇಶಗಳದ್ದು ಕಾಪಿ ಹೊಡೆದಿದ್ದಂತೆ?

ಗೈಡ್‌ಗಳಲ್ಲಿ ಟೇಬಲ್ ಹಾಕಿ ಕೊಡ್ತಾರಲ್ಲ, ಸಂಸದೀಯ ಪದ್ಧತಿ ಬ್ರಿಟನ್, ಮೂಲಭೂತ ಹಕ್ಕು ಅಮೆರಿಕ, ನಿರ್ದೇಶಕ ತತ್ವ ಐರ್ಲೆಂಡ್, ಸಮವರ್ತಿ ಪಟ್ಟಿ (ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬೋದಾದ ವಿಷಯಗಳು) ಆಸ್ಟ್ರೇಲಿಯಾ, ಗಟ್ಟಿ ಕೇಂದ್ರ ಇರೋ ಒಕ್ಕೂಟ ಕೆನಡಾ ಅಂತ, ಅದನ್ನ ಓದಿ ಈ ಪ್ರಶ್ನೆ ಬರುತ್ತೆ. 1935ರ ಭಾರತ ಸರ್ಕಾರ ಕಾಯಿದೆಯಿಂದ ಬಂದಿದ್ದಂತೂ ಬಹಳ ಇದೆ. ಒಳ್ಳೇದನ್ನ ತಗೊಳ್ಳೋದ್ರಲ್ಲಿ ನಾಚಿಕೆ ಇಲ್ಲ, ಸಂವಿಧಾನದ ಮೂಲ ವಿಚಾರಗಳಿಗೆ ಯಾರೂ ಪೇಟೆಂಟ್ ಮಾಡಿಸಿಲ್ಲ ಅನ್ನೋ ಅರ್ಥದ ಉತ್ತರ 1948ರ ನವೆಂಬರ್ 4ಕ್ಕೇ ಅಂಬೇಡ್ಕರ್ ಅವ್ರು ಕೊಟ್ಟಾಗಿದೆ.

ಒಂದು ಉದಾಹರಣೆ ಸಾಕು. 1935ರ ಕಾಯಿದೆಯಲ್ಲಿ ಓಟು ಇದ್ದಿದ್ದು ಆಸ್ತಿ, ತೆರಿಗೆ, ಓದು ಇದ್ದೋರಿಗೆ, ಸುಮಾರು 3 ಕೋಟಿ ಜನರಿಗೆ. 1950ರ ಸಂವಿಧಾನ 21 ವರ್ಷ ಆದ ಪ್ರತಿಯೊಬ್ರಿಗೂ ಕೊಡ್ತು (18 ಆಗಿದ್ದು 61ನೇ ತಿದ್ದುಪಡಿಯಿಂದ). ಗಂಡು ಹೆಣ್ಣು, ಜಾತಿ, ಜಮೀನು, ಓದು ಏನೂ ಕೇಳ್ಲಿಲ್ಲ, ಅದೂ ಓದು ಬಲ್ಲೋರು ನೂರಕ್ಕೆ 18 ಜನ ಇದ್ದ ದೇಶದಲ್ಲಿ. ಇದನ್ನ ಯಾವ ದೇಶದಿಂದ ಕಾಪಿ ಹೊಡೆದ್ರು ಹೇಳಿ ನೋಡೋಣ. ಬ್ರಿಟನ್ ಮ್ಯಾಗ್ನಕಾರ್ಟದಿಂದ 700 ವರ್ಷ ತಗೊಂಡಿತ್ತು.

ಮೊದಲ ಚುನಾವಣೆ ಹೆಂಗೆ ನಡೆಸಿದ್ರು, ಓದು ಬರ್ದಿರೋರು ಹೆಂಗೆ ಓಟು ಹಾಕಿದ್ರು?

1951ರ ಅಕ್ಟೋಬರ್‌ನಿಂದ 1952ರ ಫೆಬ್ರವರಿವರೆಗೆ ನಡೀತು, ಸುಮಾರು 17 ಕೋಟಿ 30 ಲಕ್ಷ ಮತದಾರರು, ಮುಖ್ಯ ಚುನಾವಣಾ ಆಯುಕ್ತರು ಸುಕುಮಾರ್ ಸೇನ್. ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಡಬ್ಬ, ಡಬ್ಬದ ಮೇಲೆ ಚಿಹ್ನೆ, ಜೋಡೆತ್ತು, ಗುಡಿಸಲು, ಹಿಂಗೆ. ಚೀಟಿ ತಗೊಂಡು ಹೋಗಿ ಬೇಕಾದ ಡಬ್ಬಕ್ಕೆ ಹಾಕಿದ್ರಾಯ್ತು. ನಮ್ ಕಡೆ ಇವತ್ತಿಗೂ ಪಾರ್ಟಿ ಹೆಸರು ಹೇಳ್ದೇ ಚಿಹ್ನೆ ಹೇಳೋ ಅಜ್ಜೀರು ಇದಾರೆ.

ಪಟ್ಟಿ ಬರೆಯೋಕೆ ಹೋದಾಗ ಒಂದು ವಿಚಿತ್ರ ತೊಂದ್ರೆ ಎದುರಾಯ್ತು. ಉತ್ತರದ ಎಷ್ಟೋ ಕಡೆ ಹೆಂಗಸರು ತಮ್ ಹೆಸರು ಹೇಳ್ಲಿಲ್ಲ, ಇಂಥೋನ ಹೆಂಡ್ತಿ, ಇಂಥೋನ ತಾಯಿ ಅಂತಷ್ಟೇ ಬರೆಸಿದ್ರು. ಹೆಸರಿಲ್ಲದೆ ಪಟ್ಟಿಗೆ ಸೇರಿಸಕ್ಕಾಗಲ್ಲ ಅಂತ ಆಯೋಗ ಗಟ್ಟಿಯಾಗಿ ನಿಂತು ಸುಮಾರು 28 ಲಕ್ಷ ಹೆಸರು ಬಿಟ್ಟು ಹಾಕ್ತು. ಕ್ರೂರ ಅನ್ಸುತ್ತೆ, ಆದ್ರೆ ಮುಂದಿನ ಚುನಾವಣೆಗೆ ಅವ್ರಲ್ಲಿ ತುಂಬಾ ಜನ ಸ್ವಂತ ಹೆಸರಲ್ಲೇ ಬಂದ್ರು.

ಬೆರಳಿಗೆ ಹಾಕೋ ಶಾಯಿ ನಮ್ಮದು, 1962ರಿಂದ ಮೈಸೂರಿನ ಬಣ್ಣದ ಕಾರ್ಖಾನೆಯಿಂದಲೇ ದೇಶಕ್ಕೆಲ್ಲಾ ಹೋಗುತ್ತೆ, ಆ ಕಾರ್ಖಾನೆ 1937ರಲ್ಲಿ ನಾಲ್ವಡಿಯವರು ಶುರು ಮಾಡಿಸಿದ್ದು.

ಪಂಚಾಯ್ತಿ ಅಂತೂ ನಮ್ ಹಳೇ ಕಾಲದಿಂದ ಬಂದಿದ್ದೇ ಅಲ್ವಾ?

ಹೆಸರು ಹಳೇದು, ಕೆಲಸ ಹೊಸದು. ಅರಳಿಕಟ್ಟೆ ಮೇಲೆ ಯಾರು ಕೂರ್ತಿದ್ರು, ಯಾರು ದೂರ ನಿಂತು ಕೈ ಮುಗೀತಿದ್ರು ಅಂತ ನಿಮ್ ತಾತನ್ನೇ ಕೇಳಿ. ಹಳ್ಳಿ ಅಂದ್ರೆ ಸಂಕುಚಿತ ಬುದ್ಧಿ, ಕೋಮುವಾದ, ಅಜ್ಞಾನ ಅಂತ ಅಂಬೇಡ್ಕರ್ ಅವ್ರು ಸಂವಿಧಾನ ಸಭೆಯಲ್ಲಿ ಖಾರವಾಗೇ ಹೇಳಿದ್ರು, ಗಾಂಧಿ ದಾರಿಯೋರಿಗೆ ಸಿಟ್ಟು ಬಂತು, ಕೊನೆಗೆ 40ನೇ ವಿಧಿಯಲ್ಲಿ ಪಂಚಾಯ್ತಿ ಸೇರ್ತು. ಹಂಗೇ 30-40 ವರ್ಷ ಅಲ್ಲೇ ಇತ್ತು.

ಅದಕ್ಕೆ ಜೀವ ಬಂದಿದ್ದು ನಮ್ ರಾಜ್ಯದಲ್ಲಿ. ಆಗಿನ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬ್ ಅವ್ರು 1983ರ ಕಾಯಿದೆ ತಂದ್ರು, 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಚುನಾವಣೆ ಆಯ್ತು, ನೂರಕ್ಕೆ 25 ಸೀಟು ಹೆಂಗಸರಿಗೆ. ಹಳ್ಳಿಗಳಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವ್ರನ್ನ ನೀರ್ ಸಾಬ್ ಅಂತಿದ್ರು, ಬರಡು ಸೀಮೆ ನಮ್ದು, ಆ ಹೆಸರಿನ ಬೆಲೆ ನಮಗೆ ಗೊತ್ತು. ಆಮೇಲೆ 73ನೇ ತಿದ್ದುಪಡಿ 1993ರಲ್ಲಿ ದೇಶಕ್ಕೆಲ್ಲಾ ಜಾರಿ ಆಯ್ತು, ಮೂರನೇ ಒಂದು ಭಾಗ ಹೆಂಗಸರಿಗೆ, ನಮ್ ರಾಜ್ಯದಲ್ಲಿ ಈಗ ಅರ್ಧ. ಮೆಂಬರ್ ಹೆಂಡ್ತಿ, ಮೀಟಿಂಗ್‌ಗೆ ಬರೋದು ಗಂಡ ಅನ್ನೋದು ಇನ್ನೂ ಇದೆ, ಕಮ್ಮಿ ಆಗ್ತಾ ಇದೆ, ಯಾಕಂದ್ರೆ ಎರಡನೇ ಸಲ ಗೆದ್ದ ಹೆಂಗಸರು ಗಂಡನ್ನ ಕೂರೋಕೆ ಬಿಡಲ್ಲ.

ಸಾರ್, ಲೆಕ್ಕ ಲೆಕ್ಕ ಅಂತೀರಲ್ಲ, ನಾವು ಎಲ್ಲಿ ಕೇಳೋದು?

ಗ್ರಾಮ ಸಭೆಯಲ್ಲಿ ಕೇಳಬೋದು, ಅದಕ್ಕಿಂತ ಒಳ್ಳೇದು ಜಮಾಬಂದಿ. ವರ್ಷಕ್ಕೊಂದ್ಸಲ ಗ್ರಾಮ ಪಂಚಾಯ್ತಿಯಲ್ಲಿ ಹಿಂದಿನ ವರ್ಷದ ಜಮಾ ಖರ್ಚು ಜನರ ಮುಂದೆ ಇಡ್ಬೇಕು, ತಾಲ್ಲೂಕು ಪಂಚಾಯ್ತಿ ಕಡೆಯಿಂದ ಅಧಿಕಾರಿ ಬರ್ತಾರೆ, ಕ್ಯಾಶ್ ಬುಕ್, ವೋಚರ್, ಕಾಮಗಾರಿ ಅಳತೆ ಬರೆಯೋ ಎಂ.ಬಿ. ಪುಸ್ತಕ ಎಲ್ಲಾ ನೋಡಬೋದು, ಕೆಲಸ ಆಗಿರೋ ಜಾಗಕ್ಕೂ ಹೋಗಿ ನೋಡಬೋದು. ಟಾಂಟಾಂ ಹೊಡೆಸ್ಬೇಕು, ಕೆಲವು ಕಡೆ ನೋಟಿಸ್ ಬೋರ್ಡಿಗೆ ಒಂದು ಚೀಟಿ ಅಂಟಿಸಿ ಸುಮ್ನಾಗ್ತಾರೆ, ಅದಕ್ಕೆ ಸ್ವಾತಂತ್ರ್ಯ ದಿನಾಚರಣೆ ಮುಗೀತಿದ್ದಂಗೆ ಪಂಚಾಯ್ತಿ ಆಫೀಸಲ್ಲಿ ತಾರೀಕು ವಿಚಾರಿಸ್ಕೊಳ್ಳಿ. ಹೋಗೋ ಮುಂಚೆ ನಿಮ್ ಬೀದಿಯಲ್ಲಾದ ಕಾಮಗಾರಿ ಹೆಸರು, ಯಾವ ವರ್ಷದ್ದು, ಯಾವ ಸ್ಕೀಮು ಅಂತ ಒಂದು ಹಾಳೆಯಲ್ಲಿ ಬರ್ಕೊಂಡು ಹೋಗಿ. ಬರೀ ಚರಂಡಿ ಲೆಕ್ಕ ತೋರ್ಸಿ ಅಂದ್ರೆ ಯಾವ ಚರಂಡಿ ಅಂತ ಕೇಳಿ ವಾಪಸ್ ಕಳಿಸ್ತಾರೆ.